ಸಂಬಳಕ್ಕಾಗಿ ಕೋಡಿಂಗ್ ಕಲಿತರೆ ತಪ್ಪೇನು?

ಡಿಗ್ರಿ ಮುಗಿಸಿದ ನಮ್ಮೂರಿನ ಮಕ್ಕಳು ಕೋಡಿಂಗ್ ಕಲಿಯುತ್ತೇವೆ ಅಂದರೆ, ಆಗಲೇ ಕೆಲಸದಲ್ಲಿರುವವರು ಬುದ್ಧಿ ಹೇಳುತ್ತಾರೆ: ಆಸಕ್ತಿ ಇದ್ದರೆ ಮಾತ್ರ ಬನ್ನಿ, ದುಡ್ಡಿಗಾಗಿ ಬರಬೇಡಿ. ಐಟಿಐ ಸೇರುವ ಹುಡುಗನಿಗೆ, ನರ್ಸಿಂಗ್ ಸೇರುವ ಹುಡುಗಿಗೆ ಈ ಮಾತನ್ನು ಯಾರೂ ಹೇಳಲ್ಲ. ಬೆಳೆಸಾಲ ತೀರದ ಮನೆಯಲ್ಲಿ ಸಂಬಳದ ಆಸೆಯೇ ಮೊದಲು ಬರುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ನಮಗೇನೂ ಕಾಣುವುದಿಲ್ಲ.

ಪ್ರೀತಿಯಿಂದ ಆದ ಕೆಲಸಗಳೂ ಇವೆ, ಇಲ್ಲ ಅನ್ನಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ‘ಬರಹ’ ತಂತ್ರಾಂಶವನ್ನು ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದು, ವರ್ಷಗಟ್ಟಲೆ ಪುಕ್ಕಟೆ ಕೊಟ್ಟರು. ಆಮೇಲೆ ಅದಕ್ಕೂ ಬೆಲೆ ಇಡಬೇಕಾಯಿತು. ಅದು ಸರಿಯೇ ಅಲ್ಲವೇ?

ಆದರೆ ದುಡ್ಡಿಗೆ ಅಂತ ಹೋಗುವವರು ದುಡ್ಡಿನ ಲೆಕ್ಕವನ್ನೂ ಸರಿಯಾಗಿ ಹಾಕಬೇಕು. ದೊಡ್ಡ ಐಟಿ ಕಂಪನಿಗಳಲ್ಲಿ ಹೊಸಬರಲ್ಲಿ ಹೆಚ್ಚಿನವರಿಗೆ ಸಿಗುವುದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಹತ್ತು ವರ್ಷದ ಹಿಂದೆಯೂ ಹೆಚ್ಚುಕಮ್ಮಿ ಇಷ್ಟೇ ಇತ್ತು. ಪಿಎಫ್ ಕಳೆದು, ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸು ತೆಗೆದರೆ ಊರಿಗೆ ಕಳಿಸಲು ಉಳಿಯುವುದು ಎಷ್ಟು? ಕೋಚಿಂಗ್ ಸೆಂಟರಿನ ಬೋರ್ಡಿನಲ್ಲಿ ಮಾತ್ರ ಲಕ್ಷಗಳು ಕುಣಿಯುತ್ತಿರುತ್ತವೆ. ಅದನ್ನು ನಂಬಿ ಅಮ್ಮನ ಸರ ಅಡವಿಟ್ಟು ಫೀಸು ಕಟ್ಟುವುದಿದೆಯಲ್ಲ, ನಮಗೆ ಹೊಟ್ಟೆ ಉರಿಯುವುದು ಅಲ್ಲಿ.

ಇನ್ನು ಆಸಕ್ತಿ. ಅದು ಹುಟ್ಟುತ್ತಲೇ ಬರಬೇಕಿಲ್ಲ. ಕಂಪ್ಯೂಟರನ್ನೇ ಮುಟ್ಟದವರಿಗೆ ಅದರ ಮೇಲೆ ಪ್ರೀತಿ ಎಲ್ಲಿಂದ ಬರಬೇಕು? ಕೆಲಸ ಕೈಗೆ ಹತ್ತಿದ ಮೇಲೆ ಬರಬಹುದು. ಈ ಕೆಲಸದಲ್ಲಿ ಒಂದು ಚುಕ್ಕೆ ತಪ್ಪಿದರೂ ಪ್ರೋಗ್ರಾಂ ಓಡುವುದಿಲ್ಲ. ತಪ್ಪು ಹುಡುಕುತ್ತಾ ಅರ್ಧ ದಿನ ಕೂರಬೇಕಾಗುತ್ತದೆ. ಕೊನೆಗೆ ಸಿಕ್ಕಾಗ ಖುಷಿಯಾಯಿತೋ, ಬರೀ ಬೇಸರವಾಯಿತೋ, ಅದನ್ನು ನೋಡಿಕೊಳ್ಳಿ.

ಇದನ್ನು ನೋಡಲು ಸಾಲ ಮಾಡಬೇಕಿಲ್ಲ. ಪೈಥಾನ್ ಉಚಿತ, ಫೋನಿನಲ್ಲೇ ಬರೆದು ಓಡಿಸಬಹುದು. ಎನ್‌ಪಿಟಿಇಎಲ್‌ನಲ್ಲಿ ಪಾಠ ಕೇಳಲು ದುಡ್ಡಿಲ್ಲ, ಪರೀಕ್ಷೆ ಬರೆದರೆ ಮಾತ್ರ ಫೀಸು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೂ ಪಾಠಗಳಿವೆ. ಮೂರು ತಿಂಗಳು ದಿನಕ್ಕೊಂದು ಗಂಟೆ ಕೂತು ನೋಡಿ. ಆಮೇಲೂ ಸೆಂಟರಿಗೇ ಸೇರಬೇಕು ಅನಿಸಿದರೆ, ಹೋದ ವರ್ಷ ಅಲ್ಲಿ ಕಲಿತ ನಾಲ್ವರ ಫೋನ್ ನಂಬರು ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಫೀಸು ಕಟ್ಟಬೇಡಿ.