ನಂಜು ಪದದಲ್ಲಿದೆಯೇ, ನಾಲಗೆಯಲ್ಲಿದೆಯೇ?

ಟಿ. ನರಸೀಪುರದ ಪರಿಚಿತರೊಬ್ಬರ ಮನೆಗೆ ಇತ್ತೀಚೆಗೆ ಹೋಗಿದ್ದೆವು. ಆರನೆಯ ತರಗತಿಯಲ್ಲಿ ಓದುವ ಅವರ ಮಗ ಶಾಲೆಯಿಂದ ಬಂದವನೇ ಚೀಲವನ್ನು ಮೂಲೆಗೆಸೆದು ಒಳಕೋಣೆಯಲ್ಲಿ ಹೋಗಿ ಕುಳಿತ. ಬಹಳ ಹೊತ್ತು ಪುಸಲಾಯಿಸಿದ ಮೇಲೆ ಕಾರಣ ತಿಳಿಯಿತು. ಎರಡು ವಾರಗಳಿಂದ ಸಹಪಾಠಿಗಳು ಅವನನ್ನು ಹೆಸರಿನಿಂದ ಕರೆಯುತ್ತಿಲ್ಲ, 'ಪಾಕಿಸ್ತಾನ' ಎಂದು ಕರೆಯುತ್ತಿದ್ದಾರೆ. ಮರುದಿನ ತಂದೆ ಶಾಲೆಗೆ ಹೋದರು. "ಅದೇನು ಬೈಗುಳವೇ ಸಾಬ್ರೇ? ಒಂದು ದೇಶದ ಹೆಸರು ತಾನೇ. ಮಕ್ಕಳು ತಮಾಷೆಗೆ ಅಂದಿರ್ತಾವೆ, ಬಿಡಿ" ಎಂದು ಶಿಕ್ಷಕರೊಬ್ಬರು ಸಮಾಧಾನ ಹೇಳಿ ಕಳುಹಿಸಿದರಂತೆ.

ಈ ಉತ್ತರವನ್ನು ಒಂದೇ ಏಟಿಗೆ ತಳ್ಳಿಹಾಕಲು ನಾವು ಸಿದ್ಧರಿಲ್ಲ. ಅದರಲ್ಲಿ ಅರ್ಧ ಸತ್ಯವಿದೆ. ಯಾವ ಪದವೂ ಹುಟ್ಟುವಾಗಲೇ ಪಾಪವನ್ನು ಹೊತ್ತುಕೊಂಡು ಹುಟ್ಟುವುದಿಲ್ಲ. ಸಾಕ್ಷಿಗಾಗಿ ದೂರ ಹೋಗಬೇಕಿಲ್ಲ. ನರಸೀಪುರದಲ್ಲಿ ಕಾವೇರಿಯನ್ನು ಕೂಡುವ ಕಪಿಲೆಯ ದಡ ಹಿಡಿದು ಮೇಲಕ್ಕೆ ನಡೆದರೆ ನಂಜನಗೂಡು ಸಿಗುತ್ತದೆ. ನಂಜು ಎಂದರೆ ವಿಷ. ವಿಷದ ಹೆಸರನ್ನು ಒಂದು ಊರೇ ಹೊತ್ತುಕೊಂಡಿದೆ. ಆ ಊರಿಗೆ ಜನರು ಬರುವುದಾದರೋ ರೋಗ ವಾಸಿಯಾಗಲೆಂಬ ಹರಕೆ ಹೊತ್ತು! ಈ ಸೀಮೆಯ ಮನೆಮನೆಯಲ್ಲೂ ನಂಜಪ್ಪನವರು, ನಂಜಮ್ಮನವರು ಇದ್ದಾರೆ. ಆ ಹೆಸರನ್ನು ಕೇಳಿ ಯಾರೂ ಬೆಚ್ಚುವುದಿಲ್ಲ. ಅದೇ, ಕಾಲಿನ ಗಾಯ ನೋಡಿದ ವೈದ್ಯರು "ನಂಜಾಗಿದೆ" ಎಂದರೆ ಮನೆಮಂದಿಯ ಮುಖ ಬಾಡುತ್ತದೆ.

ಪಟ್ಟದಾನೆಯ ಕಣ್ಣಿನ ಬೇನೆ ಇಲ್ಲಿ ವಾಸಿಯಾಯಿತೆಂದು ಟಿಪ್ಪು ಸುಲ್ತಾನರು ಪಚ್ಚೆಯ ಲಿಂಗವನ್ನು ಅರ್ಪಿಸಿ ದೇವರನ್ನು 'ಹಕೀಮ್ ನಂಜುಂಡ' ಎಂದು ಕರೆದರೆಂಬ ಪ್ರತೀತಿ ಈ ಊರಿನಲ್ಲಿ ಇಂದಿಗೂ ಇದೆ. ಹಕೀಮ್ ಎಂದರೆ ವೈದ್ಯ, ವಿವೇಕಿ. ಮದ್ರಸದ ಎಳೆಯ ವಿದ್ಯಾರ್ಥಿಗೂ ಆ ಪದದ ಧಾತು ಗೊತ್ತು. ಅರಬಿಯ ಹಕೀಮನೂ ಕನ್ನಡದ ನಂಜೂ ಇಷ್ಟು ಕಾಲ ಜೊತೆಯಾಗಿ ಬಾಳಿದ್ದರಿಂದ ಯಾರ ಧರ್ಮಕ್ಕೂ ಊನವಾಗಿಲ್ಲ.

ಆದರೆ ಪದಗಳಿಗೇ ಮೈಲಿಗೆ ಅಂಟಿಸುವ ಕಾಲವಿದು. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಸಂಘರ್ಷದ ಬಿಸಿಯಲ್ಲಿ ಜೈಪುರದ ಕೆಲವು ಮಿಠಾಯಿ ವ್ಯಾಪಾರಿಗಳು ನಮ್ಮ ಮೈಸೂರು ಪಾಕಿನ ಹೆಸರನ್ನೇ ಬದಲಿಸಿ 'ಮೈಸೂರು ಶ್ರೀ' ಎಂದು ಮಾರತೊಡಗಿದರು. ಸಕ್ಕರೆ ಪಾಕ, ಬೆಲ್ಲದ ಪಾಕ ಎಂದು ನಮ್ಮ ತಾಯಂದಿರು ದಿನವೂ ಆಡುವ ಮಾತಿಗೂ ಆ ದೇಶಕ್ಕೂ ಏನು ಸಂಬಂಧ? ಮೈಸೂರಿನವರೆಲ್ಲ ನಕ್ಕರು, ನಾವೂ ನಕ್ಕೆವು. ಆದರೆ 2022ರ ಡಿಸೆಂಬರ್‌ನಲ್ಲಿ ಮೇಲುಕೋಟೆ ಮುಂತಾದ ದೇವಾಲಯಗಳ 'ದೀವಟಿಗೆ ಸಲಾಂ' ಎಂಬ ಹೆಸರನ್ನು ಅಳಿಸಿ 'ದೀವಟಿಗೆ ನಮಸ್ಕಾರ' ಮಾಡಲು ಸರಕಾರ ಹೊರಟಾಗ ನಕ್ಕವರು ಕಡಿಮೆ. ದೀವಟಿಗೆ ಅದೇ, ಎಣ್ಣೆ ಅದೇ, ಕೈಗಳೂ ಅವೇ. ಒಂದು ಪದ ಮಾತ್ರ ಅಪರಾಧಿ! ಜನರು ಇಂದಿಗೂ ಮುಜರಾಯಿ ಇಲಾಖೆ ಎಂದೇ ಕರೆಯುವ ಇಲಾಖೆಯಿಂದ ಈ ಕೆಲಸ ನಡೆಯಿತು. ಮುಜರಾಯಿ ಎಂಬುದೂ ಸಲಾಮಿನಂತೆಯೇ ಅರಬಿ-ಪಾರಸಿ ದಾರಿಯಿಂದ ಕನ್ನಡಕ್ಕೆ ಬಂದ ಪದವೆಂಬುದನ್ನು ಅವರಿಗೆ ಯಾರೂ ಹೇಳಲಿಲ್ಲವೇನೋ.

ನಗುವ ಮೊದಲು ನಾವು ನಮ್ಮ ಹಳೆಯ ಪುಟವೊಂದನ್ನೂ ತಿರುವಿ ನೋಡಬೇಕಾಗಿದೆ. 1986ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಇಂಗ್ಲಿಷ್ ದಿನಪತ್ರಿಕೆಯೊಂದು ಮಲಯಾಳಂ ಸಣ್ಣಕಥೆಯೊಂದರ ಅನುವಾದವನ್ನು ಪ್ರಕಟಿಸಿತು. ಕಥೆಯಲ್ಲಿದ್ದವನು ಮುಹಮ್ಮದ್ ಎಂಬ ಹೆಸರಿನ ಒಬ್ಬ ಸಾಮಾನ್ಯ ಮನುಷ್ಯ. ಶೀರ್ಷಿಕೆಯಲ್ಲಿ ಆ ಹೆಸರಿನ ಪಕ್ಕದಲ್ಲಿ ಮೂರ್ಖ ಎಂಬರ್ಥದ ಪದವಿತ್ತು. ಅಷ್ಟೇ ಸಾಕಾಯಿತು. ಬೆಂಗಳೂರು, ಮೈಸೂರುಗಳಲ್ಲಿ ಗಲಭೆ ಎದ್ದಿತು. ಹತ್ತಕ್ಕಿಂತ ಹೆಚ್ಚು ಜೀವಗಳು ಹೋದವು. ಅಂಥ ಶೀರ್ಷಿಕೆ ಕೊಡುವಾಗ ಸಂಪಾದಕರು ಓದುಗರ ಮನಸ್ಸನ್ನು ನೆನೆಯಬೇಕಿತ್ತು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಕಲ್ಲೆತ್ತಿಕೊಂಡವರಲ್ಲಿ ಎಷ್ಟು ಮಂದಿ ಆ ಕಥೆಯನ್ನು ಓದಿದ್ದರು? ನಮ್ಮ ಬೀದಿಗಳಲ್ಲಿ ಆ ಹೆಸರಿನ ಮಕ್ಕಳು ಸಾವಿರಾರು ಇದ್ದಾರೆ. ಅವರಲ್ಲಿ ಜಾಣರಿದ್ದಾರೆ, ಮಂಕರಿದ್ದಾರೆ, ಅವರ ತಾಯಂದಿರು ದಿನವೂ ಅವರನ್ನು ಗದರಿಸುತ್ತಾರೆ. ಪದವನ್ನು ಅದರ ಸಂದರ್ಭದಿಂದ ಕಿತ್ತು ದಂಡಿಸುವ ತಪ್ಪನ್ನು ಜೈಪುರದವರು ಮಿಠಾಯಿಯ ಮೇಲೆ ಮಾಡಿದರು, ನಾವು ರಕ್ತ ಹರಿಸಿ ಮಾಡಿದೆವು.

ಹಾಗಾದರೆ ಶಿಕ್ಷಕರ ಮಾತು ಸರಿಯೇ? ಎಲ್ಲವೂ ಸಂದರ್ಭವೇ ಆದರೆ, ತಮಾಷೆಗೆ ಎಂದವರ ತಪ್ಪೇನು?

ಇಲ್ಲಿಯೇ ನಾವು ಅವರೊಡನೆ ಜಗಳಕ್ಕೆ ನಿಲ್ಲುವುದು. ಸಂದರ್ಭ ಎಂಬ ಮಾತು ಇತ್ತೀಚೆಗೆ ತಪ್ಪಿತಸ್ಥರ ಛತ್ರಿಯಾಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಏನಾಯಿತೆಂಬುದನ್ನು ನೆನಪಿಸಿಕೊಳ್ಳಿ. ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ವಿಚಾರಣೆಯ ನಡುವೆ ಬೆಂಗಳೂರಿನ ಗೋರಿಪಾಳ್ಯವನ್ನು ಪಾಕಿಸ್ತಾನವೆಂದದ್ದು ದೇಶವೆಲ್ಲ ಹರಡಿತು. ತಮ್ಮ ಮಾತನ್ನು ಸಂದರ್ಭದಿಂದ ಬೇರ್ಪಡಿಸಿ ಹರಡಲಾಗಿದೆ, ನೋಯಿಸುವ ಉದ್ದೇಶವಿರಲಿಲ್ಲ ಎಂದು ಅವರು ವಿಷಾದ ಸೂಚಿಸಿದರು. ಸುಪ್ರೀಮ್ ಕೋರ್ಟು ತಾನಾಗಿಯೇ ಪ್ರಕರಣವನ್ನು ಎತ್ತಿಕೊಂಡು, ವಿಷಾದವನ್ನು ಒಪ್ಪಿ ಮುಗಿಸುವಾಗ, ಭಾರತದ ನೆಲದ ಯಾವ ಭಾಗವನ್ನೂ ಯಾರೂ ಪಾಕಿಸ್ತಾನವೆನ್ನುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಭೂಗೋಳದ ಪುಸ್ತಕದಲ್ಲಿ ಆ ಪದ ಒಂದು ದೇಶದ ಹೆಸರು. ನಿಘಂಟಿನಲ್ಲಂತೂ ಪರಿಶುದ್ಧ ನಾಡು ಎಂಬ ಸುಂದರ ಅರ್ಥವಿದೆ. ಆದರೆ ಗೋರಿಪಾಳ್ಯದವನಿಗೆ, ನರಸೀಪುರದ ಆ ಬಾಲಕನಿಗೆ ಅದು ಹೇಳುವುದು ಒಂದನ್ನೇ: ಇದು ನಿನ್ನ ಊರಲ್ಲ.

ಪವಿತ್ರ ಕುರ್‌ಆನ್‌ನ ಅಲ್ ಬಕರಾ ಅಧ್ಯಾಯದ 104ನೇ ಸೂಕ್ತವನ್ನು ನಾವು ಎಷ್ಟು ಬಾರಿ ಓದಿದ್ದರೂ ಈ ಬೆಳಕಿನಲ್ಲಿ ಓದಿದ್ದೇವೆಯೇ? ಪ್ರವಾದಿ(ಸ)ಯವರ ಸಭೆಯಲ್ಲಿ ಸತ್ಯವಿಶ್ವಾಸಿಗಳು 'ರಾಇನಾ' ಎನ್ನುತ್ತಿದ್ದರು. ನಮ್ಮತ್ತ ಗಮನವಿಡಿ ಎಂಬಷ್ಟೇ ಅದರ ಅರ್ಥ. ಕೆಲವು ವಿರೋಧಿಗಳು ನಾಲಗೆ ತಿರುಚಿ ಅದನ್ನೇ ನಿಂದೆಯಾಗಿಸಿದರು. ಆಗ ಅಲ್ಲಾಹನು ವಿಶ್ವಾಸಿಗಳಿಗೆ ಆ ಪದವನ್ನು ಬಿಟ್ಟು 'ಉನ್‌ಝುರ್ನಾ' ಎನ್ನಲು ಆದೇಶಿಸಿದನು. ವಿಶ್ವಾಸಿಗಳ ಉದ್ದೇಶ ನಿರ್ಮಲವಾಗಿತ್ತು, ಪದದ ಅರ್ಥವೂ ನಿರ್ಮಲವಾಗಿತ್ತು. ಆದರೂ ಬಿಡಬೇಕಾಯಿತು. ಏಕೆಂದರೆ ಆ ಪದದ ಮರೆಯಲ್ಲಿ ಒಬ್ಬರ ಮಾನಕ್ಕೆ ಏಟು ಬೀಳುತ್ತಿತ್ತು. ನನ್ನ ಉದ್ದೇಶ ಅದಲ್ಲ ಎಂಬ ಸಬೂಬು ಸಾಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ?

ಇದಕ್ಕೆ ವಿರುದ್ಧವಾಗಿ ತೋರುವ ಇನ್ನೊಂದು ಘಟನೆ ಬುಖಾರಿಯಲ್ಲಿದೆ. ಹ. ಅಲಿ(ರ) ಮಸ್ಜಿದ್‌ನ ನೆಲದಲ್ಲಿ ಮಲಗಿದ್ದರು, ಹೊದಿಕೆ ಜಾರಿ ಬೆನ್ನಿಗೆ ಮಣ್ಣು ಮೆತ್ತಿತ್ತು. ಪ್ರವಾದಿ(ಸ)ಯವರು ಮಣ್ಣು ಕೊಡವುತ್ತಾ ಅವರನ್ನು 'ಅಬೂ ತುರಾಬ್', ಮಣ್ಣಿನ ತಂದೆ, ಎಂದು ಕರೆದು ಎಬ್ಬಿಸಿದರು. ವರ್ಷಗಳ ಬಳಿಕ ಮದೀನಾದ ಅಧಿಕಾರಿಯೊಬ್ಬ ಅಲಿ(ರ)ಯವರನ್ನು ಹೀನಾಯಿಸಲು ಅದೇ ಹೆಸರನ್ನು ಬಳಸಿದಾಗ ಸಹಲ್ ಬಿನ್ ಸಅದ್(ರ) ನಕ್ಕುಬಿಟ್ಟರು. ಆ ಹೆಸರನ್ನಿಟ್ಟವರು ಸ್ವತಃ ಪ್ರವಾದಿ(ಸ), ಅಲಿಗೆ ಅದಕ್ಕಿಂತ ಪ್ರಿಯವಾದ ಹೆಸರು ಇನ್ನೊಂದಿರಲಿಲ್ಲ ಎಂದರು. ಇಲ್ಲಿ ಪದವನ್ನು ಬಿಡಲಿಲ್ಲ, ಬಿಗಿಯಾಗಿ ಹಿಡಿದುಕೊಂಡರು. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ನಮಗೆ ತಿಳಿಯುವುದಿಷ್ಟು: ಪದ ಚುಚ್ಚುತ್ತದೆಯೇ ಇಲ್ಲವೇ ಎಂದು ಹೇಳುವ ಹಕ್ಕು ಕರೆದವನದಲ್ಲ, ಕರೆಸಿಕೊಂಡವನದು. ನೊಂದವನಿಗೆ ಕಲ್ಲೆತ್ತುವ ಹಕ್ಕಿದೆ ಎಂದು ಮಾತ್ರ ಇದರ ಅರ್ಥವಲ್ಲ. ಆ ಪಾಠವನ್ನು ನಾವು 1986ರಲ್ಲಿ ದುಬಾರಿ ಬೆಲೆಗೆ ಕೊಂಡಿದ್ದೇವೆ. 'ಮಿಯಾನ್' ಎಂದೂ 'ಪಾಕಿಸ್ತಾನಿ' ಎಂದೂ ಜರೆಯುವುದು ಸದಭಿರುಚಿಯಲ್ಲ, ಆದರೆ ಧಾರ್ಮಿಕ ಭಾವನೆಗೆ ಘಾಸಿ ಮಾಡಿದ ಅಪರಾಧವಾಗದು ಎಂದು 2025ರ ಫೆಬ್ರವರಿಯಲ್ಲಿ ಸುಪ್ರೀಮ್ ಕೋರ್ಟು ಜಾರ್ಖಂಡಿನ ಪ್ರಕರಣವೊಂದರಲ್ಲಿ ಹೇಳಿತು. ಪ್ರತಿಯೊಂದು ಮಾತಿಗೂ ಜೈಲು ಬೇಕೆಂದು ನಾವೂ ಹೇಳುವುದಿಲ್ಲ. ಅಪರಾಧವಲ್ಲದ್ದೆಲ್ಲ ಒಳ್ಳೆಯ ನಡತೆಯಾಗುವುದಿಲ್ಲ, ಅಷ್ಟೇ.

ಆ ಶಿಕ್ಷಕರು 'ಸಾಬ್ರೇ' ಎಂದದ್ದು ನಮ್ಮ ಪರಿಚಿತರನ್ನು ನೋಯಿಸಲಿಲ್ಲ ಎಂಬುದನ್ನೂ ಗಮನಿಸಬೇಕು. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ "ಸಾಬ್ರೇ, ಮುಂದಕ್ಕೆ ಬನ್ನಿ" ಎಂದರೆ ಅದರಲ್ಲಿ ಬಳಕೆಯ ಸಲಿಗೆಯಿದೆ. "ಏ ಸಾಬಿ" ಎಂದರೆ ಮೈ ಉರಿಯುತ್ತದೆ. ಸಾಹಿಬ್ ಎಂದರೆ ಸಂಗಾತಿ. ಸಹಾಬಿಗಳು ಎಂಬ ಗೌರವದ ಪದವೂ ಅದೇ ಧಾತುವಿನದು. ಆ ಧಾತು 'ಸಾಬಿ'ಯನ್ನು ಕಾಪಾಡಿತೇ?

ಈಗ ಹೇಳಲು ಕಷ್ಟವಾದ ಮಾತು. ಅದೇ ಸಂಜೆ, ಅದೇ ಮನೆಯಲ್ಲಿ, ಚರಂಡಿ ಬಳಿಯಲು ಬಂದ ಪೌರಕಾರ್ಮಿಕರೊಬ್ಬರು ನೀರು ಕೇಳಿದರು. ಮನೆಯ ದಾದಿಮಾ ಅವರನ್ನು ಜಾತಿಯ ಹೆಸರು ಹಿಡಿದು, ಏಕವಚನದಲ್ಲಿ, ಬಂದಿದ್ದಾನೆಂದು ಒಳಗೆ ಕೂಗಿ ಹೇಳಿದರು. ಸೊಸೆ ಹಿತ್ತಲ ಕಟ್ಟೆಯ ಮೇಲೆ ಕವುಚಿಟ್ಟಿದ್ದ ಬೇರೆಯೇ ಲೋಟದಲ್ಲಿ ನೀರು ಕೊಟ್ಟರು. 1975ರಲ್ಲಿ ಸಿದ್ಧಲಿಂಗಯ್ಯನವರು 'ಹೊಲೆಮಾದಿಗರ ಹಾಡು' ಎಂದು ತಮ್ಮ ಮೊದಲ ಕವನ ಸಂಕಲನಕ್ಕೆ ಹೆಸರಿಟ್ಟು ಆ ಪದಗಳನ್ನು ತಲೆಯೆತ್ತಿ ನಿಲ್ಲಿಸಿದರು. ಅದು ಅವರ ಹಕ್ಕು, ಅವರ ಅಬೂ ತುರಾಬ್. ದಾದಿಮಾರ ಬಾಯಲ್ಲಿ ಬಂದಾಗ ಅದು ಬೈಗುಳವೇ. ಬೈಯುವ ಉದ್ದೇಶ ಅವರಿಗೆ ಇರಲಿಲ್ಲವೆಂದು ನಾವು ಆಣೆಯಿಟ್ಟು ಹೇಳಬಲ್ಲೆವು. ಆ ಶಾಲೆಯ ಮಕ್ಕಳಿಗೂ ಇದ್ದಿರಲಾರದು.

ನೆರೆಮನೆಯವರ ಮಾತು ಬಂದಾಗ ನಮ್ಮ ಮನೆಗಳಲ್ಲಿ ದನಿ ತಗ್ಗಿಸಿ ಬಳಸುವ 'ಕಾಫಿರ್' ಎಂಬ ಪದವನ್ನೂ ಇದರೊಂದಿಗೆ ಸೇರಿಸಿರಿ. ಅದರ ಧಾತುವಿಗೆ ಮುಚ್ಚು ಎಂಬ ಅರ್ಥ. ಅಲ್ ಹದೀದ್ ಅಧ್ಯಾಯದ 20ನೇ ಸೂಕ್ತದಲ್ಲಿ ಅದರ ಬಹುವಚನ ರೂಪವನ್ನು ಅನೇಕ ವ್ಯಾಖ್ಯಾನಕಾರರು ಬೀಜವನ್ನು ಮಣ್ಣಿನಲ್ಲಿ ಮುಚ್ಚುವ ರೈತರು ಎಂದೇ ಅರ್ಥೈಸಿದ್ದಾರೆ. ಕಪಿಲೆಯ ಬಯಲಿನಲ್ಲಿ ಭತ್ತ ಬಿತ್ತಿ ನಮ್ಮ ಈದಿನ ಬಿರಿಯಾನಿಗೆ ಅಕ್ಕಿ ಒದಗಿಸುವ ನೆರೆಯವನನ್ನು ನಾವು ಆ ಅರ್ಥದಲ್ಲಿ ಕರೆಯುತ್ತಿಲ್ಲವೆಂಬುದು ನಮಗೆಲ್ಲ ಗೊತ್ತು. ಒಳಗೆ ಆಡಿದ್ದು ಹೊರಗೆ ಕೇಳಿಸದು ಎಂಬ ಧೈರ್ಯವೂ ಬೇಡ. ಮಕ್ಕಳ ಕಿವಿ ಮನೆಯ ಒಳಗೇ ಇರುತ್ತದೆ.

ಮೊನ್ನೆ ಆ ಪರಿಚಿತರು ಫೋನ್ ಮಾಡಿದ್ದರು. ಮತ್ತೊಮ್ಮೆ ಶಾಲೆಗೆ ಹೋಗುತ್ತೇನೆ, ಇದು ಬರೀ ದೇಶದ ಹೆಸರಲ್ಲ ಎಂದು ಆ ಶಿಕ್ಷಕರಿಗೆ ಹೇಗೆ ಮನಗಾಣಿಸಲಿ ಎಂದು ಕೇಳಿದರು. ಸೂಕ್ತವನ್ನೂ ಕೋರ್ಟಿನ ಮಾತನ್ನೂ ತಿಳಿಸಿದೆವು. ಆಮೇಲೆ, ಚರಂಡಿ ಬಳಿಯಲು ಬರುವವರ ಹೆಸರೇನು ಭಾಯ್ ಎಂದು ಕೇಳಿದೆವು. ಎಂಟು ವರ್ಷಗಳಿಂದ ಅವರ ಬೀದಿಗೆ ಬರುತ್ತಿರುವ ಮನುಷ್ಯ. ಅವರು ಉತ್ತರಿಸಲಿಲ್ಲ, ಫೋನನ್ನು ಇಡಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, ಕೇಳಿ ಹೇಳುತ್ತೇನೆ ಎಂದರು.