ಬೀಸುಕಲ್ಲು ಕಲಿಸುವ ಆರೋಗ್ಯದ ಪಾಠ

ಹಳಿಯಾಳ, ಮುಂಡಗೋಡಗಳು ಬತ್ತ ಬೆಳೆಯುವ ಸೀಮೆ. ದಾಂಡೇಲಿ ಕಾರ್ಖಾನೆಯ ಪಟ್ಟಣ. ಜೊಯಿಡಾ ಕಾಡಿನ ನಾಡು. ಬದುಕು ಬೇರೆಬೇರೆಯಾದರೂ ಇಲ್ಲಿನ ಹಳೆಯ ಮನೆಗಳಿಗೆ ಬೀಸುಕಲ್ಲು, ಒರಳು, ಒನಕೆಗಳು ಅಪರಿಚಿತವಲ್ಲ. ಇಂದು ಅವುಗಳಲ್ಲಿ ಬಹುಪಾಲು ಹಿತ್ತಲು ಸೇರಿವೆ. ಮದುವೆಗೆ ಮುನ್ನ ಅರಿಶಿಣದ ಕೊಂಬು ಕಟ್ಟಿ ಪೂಜಿಸುವ ದಿನ ಮಾತ್ರ ಕೆಲವರಿಗೆ ಅವುಗಳ ನೆನಪಾಗುತ್ತದೆ. ಪೂಜೆ ಉಳಿದು, ಅದರ ಹಿಂದಿನ ಅರಿವು ಅಳಿಯುತ್ತಿರುವುದು ವಿಚಾರ ಮಾಡಬೇಕಾದ ಸಂಗತಿ.

ಹನ್ನೆರಡನೆಯ ಶತಮಾನದ ಶರಣೆ ಕೊಟ್ಟಣದ ಸೋಮಮ್ಮನವರ ಹೆಸರಿನಲ್ಲಿಯೇ ಅವರ ಕಾಯಕವಿದೆ. ಕೊಟ್ಟಣವೆಂದರೆ ಬತ್ತ ಕುಟ್ಟುವ ಕೆಲಸ. ಒನಕೆ ಹಿಡಿದ ಕೈಗೂ ಶರಣರ ಬಳಗದಲ್ಲಿ ಗೌರವದ ಸ್ಥಾನವಿತ್ತು. ಬೀಸುವ ಕಲ್ಲಿನ ಮುಂದೆ ಹಾಡಿದ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನದಲ್ಲಿ ನಾಡಿಗೆ ನೀಡಿದರು.

ಒನಕೆಯಿಂದ ಕುಟ್ಟಿದ ಅಕ್ಕಿಯಲ್ಲಿ ತೌಡಿನ ಅಂಶ ಸಾಕಷ್ಟು ಉಳಿಯುತ್ತದೆ. ಅದರ ಬೆಲೆಯನ್ನು ವಿಜ್ಞಾನ ಅರಿತದ್ದು ತಡವಾಗಿ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್ಮನ್ ಅವರು, ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳ ಕಾಲು ಸೋಲುವುದನ್ನೂ, ತೌಡಿರುವ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಳ್ಳುವುದನ್ನೂ ಕಂಡರು. ಬಿ1 ಜೀವಸತ್ವದ ಶೋಧಕ್ಕೆ ಅದು ದಾರಿಯಾಯಿತು. 1929ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ತೌಡಿನಲ್ಲಿ ನಾರಿನಂಶವೂ ಇದೆ. ಅದು ಮಲಬದ್ಧತೆಯನ್ನು ತಡೆಯಲು ನೆರವಾಗುತ್ತದೆ.

ಹಾಗೆಂದು ತಾಯಂದಿರು ಮತ್ತೆ ನಸುಕಿನಲ್ಲೆದ್ದು ಮನೆಮಂದಿಗೆಲ್ಲ ಬೀಸಬೇಕೆಂದು ಹೇಳುವುದು ಧರ್ಮವಲ್ಲ. ಆ ಶ್ರಮದ ಭಾರವನ್ನು ಹೆಣ್ಣುಮಕ್ಕಳೊಬ್ಬರೇ ಹೊತ್ತರು. ಗಿರಣಿ ಬಂದದ್ದು ಅವರಿಗೆ ಬಿಡುಗಡೆಯೇ ಸರಿ. ಕಲ್ಲನ್ನು ಹೊಗಳುವವರು ಅದರ ಗೂಟ ಹಿಡಿಯಲೂ ಸಿದ್ಧರಿರಬೇಕು. ಕಾಯಕಕ್ಕೆ ಗಂಡು-ಹೆಣ್ಣೆಂಬ ಭೇದವಿಲ್ಲ.

ಗಿರಣಿಯನ್ನು ಬಿಡದೆಯೂ ಕಲ್ಲಿನ ಪಾಠವನ್ನು ಪಾಲಿಸಬಹುದು. ಹೆಚ್ಚು ಪಾಲಿಶ್ ಆಗದ ಅಕ್ಕಿಯನ್ನು ಕೇಳಿ ಕೊಳ್ಳಿರಿ. ಗೋಧಿ ಹಿಟ್ಟನ್ನು ಜರಡಿ ಹಿಡಿದು ತೌಡು ಚೆಲ್ಲಬೇಡಿರಿ. ಸಜ್ಜೆಯ ಹಿಟ್ಟು ಬೇಗ ಕಹಿಯಾಗುವುದರಿಂದ ವಾರಕ್ಕೆ ಸಾಲುವಷ್ಟನ್ನೇ ಬೀಸಿಸಿರಿ. ಚಟ್ನಿ, ಮಸಾಲೆಗಳಿಗಾದರೂ ಒರಳನ್ನು ಬಳಸಿರಿ. ಹೊಸದಾಗಿ ಉಳಿ ಹಾಕಿಸಿದ ಕಲ್ಲಿನಲ್ಲಿ ಮೊದಲು ತೌಡು ಅರೆದು, ಚೆಲ್ಲಿ, ತೊಳೆದ ಮೇಲೆಯೇ ಆಹಾರ ಅರೆಯಬೇಕು. ಇಲ್ಲದಿದ್ದರೆ ಕಲ್ಲಿನ ಪುಡಿ ಹೊಟ್ಟೆ ಸೇರೀತು. ಮಂಡಿ, ಸೊಂಟದ ನೋವುಳ್ಳವರು ಬೀಸುವ ಸಾಹಸ ಮಾಡಬಾರದು. ಕಲ್ಲಿನಲ್ಲಿ ಬೀಸಿದ ಹಿಟ್ಟು ಔಷಧವಲ್ಲ. ಮಧುಮೇಹಿಗಳು ಅದನ್ನು ನಂಬಿ ಮಾತ್ರೆ ಬಿಡಕೂಡದು.

ಪ್ರಸಾದವೆಂದು ಸ್ವೀಕರಿಸುವ ಧಾನ್ಯದ ಸತ್ವವನ್ನು ಚೆಲ್ಲಿ, ಬಳಿಕ ಅದನ್ನೇ ಔಷಧದಂಗಡಿಯಲ್ಲಿ ಹುಡುಕುವುದು ಯಾವ ಜಾಣತನ? ಸದ್ಭಕ್ತರು ಕಲ್ಲಿಗೆ ಅರಿಶಿಣ ಹಚ್ಚುವುದರ ಜೊತೆಗೆ ಅದು ಕಾಯ್ದುಕೊಟ್ಟ ಸತ್ವವನ್ನೂ ತಮ್ಮ ತಟ್ಟೆಯಲ್ಲಿ ಉಳಿಸಿಕೊಳ್ಳಲಿ.