ತತ್ತಿ ಶಾಲೆಗೆ ಬಂತು, ಕೂಸಿಗೆ ಯಾವಾಗ?

2025ರ ಜುಲೈನಿಂದ ಅಕ್ಟೋಬರ್ ಒಳಗೆ ಜಗತ್ತಿನ ಊಟದ ಬಗ್ಗೆ ಮೂರು ದೊಡ್ಡ ವರದಿಗಳು ಬಂದವು. ಮೊದಲನೆಯದು ವಿಶ್ವಸಂಸ್ಥೆಯ ಆಹಾರ ಭದ್ರತೆಯ ವರದಿ. 2024ರಲ್ಲಿ ಹಸಿವಿನಲ್ಲಿದ್ದವರು ಸುಮಾರು 67.3 ಕೋಟಿ, ಪೌಷ್ಟಿಕ ಊಟ ಕೊಂಡು ತಿನ್ನೋಕೆ ಆಗದವರು ಸುಮಾರು 260 ಕೋಟಿ ಅಂತ ಅದು ಹೇಳಿತು. ಸೆಪ್ಟೆಂಬರ್‌ನಲ್ಲಿ ಯುನಿಸೆಫ್ ಇನ್ನೊಂದು ಸುದ್ದಿ ಕೊಟ್ಟಿತು: 5ರಿಂದ 19 ವರ್ಷದವರಲ್ಲಿ ಬೊಜ್ಜಿನ ಪ್ರಮಾಣ ಇದೇ ಮೊದಲ ಸಲ ಕಡಿಮೆ ತೂಕದವರ ಪ್ರಮಾಣವನ್ನು ದಾಟಿದೆ. ಅಕ್ಟೋಬರ್‌ನಲ್ಲಿ, ಭೂಮಿಗೂ ದೇಹಕ್ಕೂ ಒಗ್ಗುವ ಊಟ ಯಾವುದು ಅನ್ನೋದರ ಮೇಲೆ ಈಟ್–ಲ್ಯಾನ್ಸೆಟ್ ಆಯೋಗದ ಎರಡನೇ ವರದಿ ಬಂತು.

ಇವನ್ನೆಲ್ಲ ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ಓದಿದೆ. ಯಾದಗಿರಿ ಜಿಲ್ಲೆ ಹುಣಸಗಿ ತಾಲ್ಲೂಕಿನ ಕೊಡೇಕಲ್‌ನಲ್ಲಿ ಈಗ ಹುಟ್ಟಿರೋ ಕೂಸಿಗೆ ಇವುಗಳಿಂದ ಏನು ಸಿಗುತ್ತೆ?

ಯುನಿಸೆಫ್ ವರದಿಯಲ್ಲೇ ಒಂದು ಸಾಲು ಇದೆ. ಬೊಜ್ಜು ಮುಂದೆ ಹೋಗಿರೋದು ಎಲ್ಲ ಕಡೆ ನಿಜ, ದಕ್ಷಿಣ ಏಷ್ಯಾ ಮತ್ತು ಸಹಾರಾದ ಕೆಳಗಿನ ಆಫ್ರಿಕಾ ಎರಡನ್ನು ಬಿಟ್ಟು. ನಾವು ಆ 'ಬಿಟ್ಟು' ಅನ್ನೋ ಪದದ ಒಳಗಿದ್ದೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 36.2 ಇತ್ತು. ಅಂದರೆ ನಾಲ್ಕೈದು ವರ್ಷದಲ್ಲಿ ಒಂದು ಅಂಶದಷ್ಟೂ ಇಳಿದಿಲ್ಲ. ರಕ್ತಹೀನತೆಯಂತೂ ಏರಿದೆ, ಶೇ 60.9ರಿಂದ 65.5ಕ್ಕೆ. ಇದು ಇಡೀ ರಾಜ್ಯದ ಸರಾಸರಿ. ಯಾದಗಿರಿಯಲ್ಲಿ ಎರಡೂ ಸಮೀಕ್ಷೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಕುಂಠಿತ ಬೆಳವಣಿಗೆಯವರು.

ಇದನ್ನು 'ಬರಗಾಲದ ಜಿಲ್ಲೆ, ಹಿಂದುಳಿದ ಭಾಗ' ಅಂತ ಹೇಳಿ ಮುಗಿಸೋದು ನಮ್ಮಲ್ಲಿ ಒಂದು ಚಾಳಿ. ಆದರೆ ಕೊಡೇಕಲ್ ನೀರಿಲ್ಲದ ಸೀಮೆಯಲ್ಲ. ಕೃಷ್ಣೆಗೆ ಕಟ್ಟಿದ ನಾರಾಯಣಪುರದ ಬಸವಸಾಗರ ಅಣೆಕಟ್ಟೆ ಇದೇ ತಾಲ್ಲೂಕಿನಲ್ಲಿದೆ. ಅದರ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ನೀರು ಹರಿಸಿ ದಶಕಗಳಾದವು. ಜೋಳ, ಸಜ್ಜೆ ಇದ್ದ ಕಡೆ ಭತ್ತ ಬಂತು, ಹತ್ತಿ ಬಂತು. ತೊಗರಿಯಂತೂ ಇಡೀ ಸೀಮೆಯ ಬೆಳೆ. ಬೆಳೆಯೋ ಜಿಲ್ಲೆಯಲ್ಲೇ ಮಕ್ಕಳು ಬೆಳೀತಿಲ್ಲ. ಹೀಗಾಗಿ 'ಆಹಾರ ಭದ್ರತೆ' ಅಂದರೆ ಕಣಜ ತುಂಬಿಸೋದು ಅಂತ ತಿಳಿದವರಿಗೆ ಯಾದಗಿರಿ ಅರ್ಥ ಆಗಲ್ಲ. ಪಡಿತರದ ಅಕ್ಕಿ ಹೊಟ್ಟೆ ತುಂಬಿಸುತ್ತೆ, ಅದನ್ನು ನಾನು ಹಗುರವಾಗಿ ನೋಡಲ್ಲ. 2013ರಲ್ಲಿ ಅನ್ನಭಾಗ್ಯ ಬರೋ ಮುಂಚಿನ ದಿನಗಳನ್ನು ಕಂಡವರು ಯಾರೂ ಹಗುರವಾಗಿ ಮಾತಾಡಲ್ಲ. ಆದರೆ ಎತ್ತರಕ್ಕೆ, ರಕ್ತಕ್ಕೆ, ಮಿದುಳಿಗೆ ಬರೀ ಅಕ್ಕಿ ಸಾಲದು.

ಜಾಗತಿಕ ಸಂಶೋಧನೆ ಅಂದ ಕೂಡಲೇ ನಾವು ಜಿನೀವಾ, ರೋಮ್ ಕಡೆ ನೋಡ್ತೇವೆ. ಯಾದಗಿರಿಯಲ್ಲೇ ಒಂದು ಸಂಶೋಧನೆ ನಡೆದಿತ್ತು, ಅದರ ಕಥೆ ಇಲ್ಲಿ ಹೇಳಲೇಬೇಕು.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ 1ರಿಂದ 8ನೇ ತರಗತಿ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡೋದು ಶುರುವಾಯಿತು. ಬೇಡ ಅಂದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ಬೀದಿಗಿಳಿದರು. ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಸ್ವಾಮೀಜಿಗಳಿಗೆ ಎದುರು ಉತ್ತರ ಕೊಟ್ಟ ವಿಡಿಯೊ ನಿಮ್ಮಲ್ಲಿ ಅನೇಕರ ಫೋನಿಗೂ ಬಂದಿರುತ್ತೆ. ಈ ಗದ್ದಲದ ನಡುವೆ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಒಂದು ಸರಳ ಕೆಲಸ ಮಾಡಿತು. ಮೊಟ್ಟೆ ತಿನ್ನೋ ಯಾದಗಿರಿಯ ಮಕ್ಕಳನ್ನು, ಆಗ ಮೊಟ್ಟೆ ಇರದ ಗದಗ ಜಿಲ್ಲೆಯ ಮಕ್ಕಳ ಜೊತೆ ಹೋಲಿಸಿತು. ಕೆಲವೇ ತಿಂಗಳಲ್ಲಿ ಯಾದಗಿರಿಯ ಮಕ್ಕಳು ತೂಕದಲ್ಲಿ ಮುಂದೆ ಹೋಗಿದ್ದರು. 8ನೇ ತರಗತಿಯ ಹೆಣ್ಣುಮಕ್ಕಳಲ್ಲಿ ಈ ವ್ಯತ್ಯಾಸ ಎದ್ದು ಕಂಡಿತು.

ವಿಚಿತ್ರ ನೋಡಿ. ಈ ಫಲಿತಾಂಶ ಹೊರಬಂದ 2022ರಲ್ಲೇ, ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ರಾಜ್ಯ ರಚಿಸಿದ್ದ ಸಮಿತಿಯೊಂದು, ಭಾರತೀಯರ ಮೈಕಟ್ಟಿಗೆ ಮೊಟ್ಟೆ ಮಾಂಸ ಪದೇ ಪದೇ ತಿಂದರೆ ಜೀವನಶೈಲಿಯ ಕಾಯಿಲೆ ಬರುತ್ತೆ ಅನ್ನೋ ಅರ್ಥದಲ್ಲಿ ಬರೆದುಕೊಟ್ಟಿತು. ಒಂದು ಕಡೆ ತಕ್ಕಡಿ ಹಿಡಿದು ಅಳೆದ ಲೆಕ್ಕ, ಇನ್ನೊಂದು ಕಡೆ ಇಂಥ ಮಾತು. ಎರಡಕ್ಕೂ ಟಿವಿಯಲ್ಲಿ ಸಮಾನ ಸಮಯ!

ಸಂಸ್ಕೃತಿಯ ಮಾತು ತೆಗೆಯೋರಿಗೆ ಕೊಡೇಕಲ್‌ನದ್ದೇ ಒಂದು ಉತ್ತರ ಇದೆ. ಓದಿಕೊಂಡವರಿಗೆ ಈ ಊರು ಅಂದರೆ ಕೊಡೇಕಲ್ಲ ಬಸವಣ್ಣನ ಕಾಲಜ್ಞಾನ. ಪುರಾತತ್ವದವರಿಗೆ ಬೂದಿ ದಿಬ್ಬ. 1960ರ ದಶಕದಲ್ಲಿ ಕೆ. ಪದ್ದಯ್ಯ ಇಲ್ಲಿನ ಬೂದಿ ದಿಬ್ಬವನ್ನು ಅಗೆದರು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ನವಶಿಲಾಯುಗದ ದನಗಾಹಿಗಳ ನೆಲೆ ಅದು. ಇದೇ ಸುರಪುರ ಸೀಮೆಯ ಬೂದಿಹಾಳದಲ್ಲಿ ಅವರು ಮುಂದೆ ನಡೆಸಿದ ಉತ್ಖನನದಲ್ಲಿ ಪ್ರಾಣಿಗಳನ್ನು ಕಡಿದು ಮಾಂಸ ಹಂಚಿಕೊಂಡ ಜಾಗವೇ ಸಿಕ್ಕಿದೆ. ಈ ನೆಲದ ಆಹಾರ ಪರಂಪರೆ ಏನು ಅಂತ ಕೇಳೋದಾದರೆ ಅಲ್ಲಿಂದ ಶುರು ಮಾಡಬಹುದು. ಇರಲಿ.

ಆ ಜಗಳವನ್ನು ಒಂದು ಮಟ್ಟಿಗೆ ನಾವು ಗೆದ್ದೆವು. ಮೊಟ್ಟೆ ಮುಂದೆ ಇಡೀ ರಾಜ್ಯಕ್ಕೆ ಹೋಯಿತು, 2023ರಲ್ಲಿ 10ನೇ ತರಗತಿವರೆಗೆ ವಿಸ್ತರಿಸಿತು. 2024ರ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡೋ ಒಪ್ಪಂದ ಮಾಡಿಕೊಂಡಿತು. ಎರಡು ದಿನ ಸರ್ಕಾರದ್ದು, ನಾಲ್ಕು ದಿನ ಫೌಂಡೇಶನ್‌ದು ಸೇರಿ ವಾರಕ್ಕೆ ಆರು ದಿನ ಮೊಟ್ಟೆ. ಒಂದು ಮೊಟ್ಟೆಗೆ ನಿಗದಿಯಾದದ್ದು 6 ರೂಪಾಯಿ. ಕೊಳ್ಳೋದು, ಸಾಗಿಸೋದು, ಬೇಯಿಸೋದು, ಸಿಪ್ಪೆ ಸುಲಿಯೋದು ಎಲ್ಲ ಅದರಲ್ಲೇ. ದರ ಏರಿದಾಗ ಮುಖ್ಯಶಿಕ್ಷಕರು ಏನು ಮಾಡಬೇಕು ಅನ್ನೋದು ಬೇರೆ ಲೇಖನದ ವಿಷಯ.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತೆ. ಶಾಲೆಯ ಮೊಟ್ಟೆ ಆರನೇ ವರ್ಷಕ್ಕೆ ಸಿಗುತ್ತೆ. ಮಗುವಿನ ಎತ್ತರದ ಹಣೆಬರಹ ಬಹುಪಾಲು ಎರಡನೇ ವರ್ಷದೊಳಗೇ ಬರೆದಾಗಿರುತ್ತೆ.

ಇದು ನನ್ನ ಅಭಿಪ್ರಾಯ ಅಲ್ಲ. ಗರ್ಭದಿಂದ ಎರಡು ವರ್ಷದವರೆಗಿನ ಸಾವಿರ ದಿನಗಳೇ ನಿರ್ಣಾಯಕ ಅಂತ ಲ್ಯಾನ್ಸೆಟ್ ಪತ್ರಿಕೆಯ 2008 ಮತ್ತು 2013ರ ಲೇಖನಮಾಲೆಗಳಿಂದ ಇಲ್ಲಿಯವರೆಗೆ ಒಂದರ ಮೇಲೊಂದು ಅಧ್ಯಯನ ಹೇಳಿವೆ. ಆಮೇಲೆ ಕೊಟ್ಟ ಊಟ ತೂಕಕ್ಕೆ, ರಕ್ತಕ್ಕೆ, ಕಲಿಕೆಗೆ ಬೇಕೇ ಬೇಕು. ಆದರೆ ಕಳೆದುಹೋದ ಎತ್ತರವನ್ನು ಅದು ಪೂರ್ತಿ ವಾಪಸ್ ತರೋದು ಕಷ್ಟ. ಯಾದಗಿರಿಯ ಸಮಸ್ಯೆಯ ಮೊದಲ ಹೆಸರೇ ಎತ್ತರ.

ಹಾಗಾದರೆ ಆ ವಯಸ್ಸಿನಲ್ಲಿ ಮೊಟ್ಟೆ ಕೊಟ್ಟರೆ? ಅದನ್ನೂ ನೋಡಿದ್ದಾರೆ. ದಕ್ಷಿಣ ಅಮೆರಿಕದ ಈಕ್ವೆಡಾರ್‌ನ ಗುಡ್ಡಗಾಡಿನಲ್ಲಿ ಲೋರಾ ಇಯನೊಟ್ಟಿ ಮತ್ತು ತಂಡ ಆರರಿಂದ ಒಂಬತ್ತು ತಿಂಗಳ ಕೂಸುಗಳಿಗೆ ಆರು ತಿಂಗಳ ಕಾಲ ದಿನಕ್ಕೊಂದು ಮೊಟ್ಟೆ ಕೊಟ್ಟಿತು. 2017ರಲ್ಲಿ ಬಂದ ಫಲಿತಾಂಶ: ಮೊಟ್ಟೆ ತಿಂದ ಗುಂಪಿನಲ್ಲಿ ಕುಂಠಿತ ಬೆಳವಣಿಗೆ ಶೇ 47ರಷ್ಟು ಕಡಿಮೆ. ಎಲ್ಲರೂ ಹುರುಪಾದರು. ಎರಡು ವರ್ಷದ ನಂತರ ಆಫ್ರಿಕಾದ ಮಲಾವಿಯಲ್ಲಿ ಅದೇ ಪ್ರಯೋಗ ಮಾಡಿದಾಗ ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಕುಂಠಿತ ಬೆಳವಣಿಗೆ ಮೊದಲೇ ಕಡಿಮೆ ಇತ್ತು. ಜೊತೆಗೆ ಅದು ಸರೋವರದ ಪಕ್ಕದ ಊರುಗಳ ಸೀಮೆ, ಕೂಸುಗಳು ಮೊದಲಿಂದಲೂ ಮೀನು ತಿನ್ನುತ್ತಿದ್ದವು.

ಈ ಎರಡನೇ ಅಧ್ಯಯನ ನನಗೆ ಹೆಚ್ಚು ಇಷ್ಟ. ಮೊಟ್ಟೆಯಲ್ಲಿ ಮಾಟ ಇಲ್ಲ, ಬಟ್ಟಲಲ್ಲಿ ಇಲ್ಲದ್ದನ್ನು ತುಂಬಿದಾಗ ಮಾತ್ರ ಅದು ಕೆಲಸ ಮಾಡುತ್ತೆ ಅಂತ ಅದು ತೋರಿಸಿತು. ಈಗ ಯಾದಗಿರಿಯ ಹತ್ತು ತಿಂಗಳ ಕೂಸಿನ ಬಟ್ಟಲು ನೋಡಿ. ಮೆತ್ತಗೆ ಕಿವುಚಿದ ಅನ್ನ, ತಿಳಿ ಬ್ಯಾಳಿ, ಹಾಲಲ್ಲೋ ಚಹಾದಲ್ಲೋ ಅದ್ದಿದ ರೊಟ್ಟಿ, ಬಿಸ್ಕೀಟು. ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗೋದು ನೂರಕ್ಕೆ ಹನ್ನೊಂದು ಮಕ್ಕಳಿಗೆ ಅಂತ 2019–21ರ ಅದೇ ಸಮೀಕ್ಷೆ ಹೇಳುತ್ತೆ. ನಮ್ಮ ಬಟ್ಟಲು ಮಲಾವಿಯ ಸರೋವರದ್ದಕ್ಕಿಂತ ಈಕ್ವೆಡಾರ್ ಗುಡ್ಡದ್ದಕ್ಕೇ ಹತ್ತಿರ ಅನ್ನೋದು ನನ್ನ ಊಹೆ. ಊಹೆ ಸಾಕಾಗಲ್ಲ, ಇಲ್ಲೇ ಪ್ರಯೋಗ ಮಾಡಿ ನೋಡಬೇಕು. ಗದಗಿನ ವಿಶ್ವವಿದ್ಯಾಲಯಕ್ಕೆ ಅನುಭವ ಇದೆ. ಯಾದಗಿರಿಯಲ್ಲೇ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ.

ಸದ್ಯಕ್ಕೆ ಆ ಕೂಸಿಗೆ ಸರ್ಕಾರದಿಂದ ಸಿಗೋದು ಏನು? ಮೂರು ವರ್ಷ ತುಂಬಿದರೆ ಅಂಗನವಾಡಿಯಲ್ಲಿ ಬಿಸಿ ಊಟ, ವಾರದ ಕೆಲವು ದಿನ ಮೊಟ್ಟೆ, ಹಾಲು. ಆರು ತಿಂಗಳಿಂದ ಮೂರು ವರ್ಷದವರೆಗೆ ಮನೆಗೆ ಒಯ್ಯೋ ಪುಷ್ಟಿ ಹಿಟ್ಟಿನ ಪಾಕೆಟ್. ಆ ಪಾಕೆಟ್ ಮನೆಗೆ ಹೋದ ಮೇಲೆ ಕೂಸಿನದ್ದಾಗಿ ಉಳಿಯಲ್ಲ, ದೊಡ್ಡ ಮಕ್ಕಳೂ ಅದಕ್ಕೇ ಕೈ ಹಾಕ್ತಾರೆ. ಹಸಿದ ಮನೆಯಲ್ಲಿ ಅದು ತಪ್ಪೂ ಅಲ್ಲ. ಹಣದ ಲೆಕ್ಕಕ್ಕೆ ಬಂದರೆ, 2017ರಲ್ಲಿ ಕೇಂದ್ರ ಸರ್ಕಾರ ಅಂಗನವಾಡಿಯ ಸಾಮಾನ್ಯ ಮಗುವಿಗೆ ದಿನಕ್ಕೆ ಕಟ್ಟಿದ ದರ 8 ರೂಪಾಯಿ. ಇವತ್ತಿನ ಒಂದು ಮೊಟ್ಟೆ ಅದನ್ನು ಹೆಚ್ಚೂಕಡಿಮೆ ನುಂಗಿಬಿಡುತ್ತೆ.

ಕೂಸಿಗಿಂತ ಮೊದಲು ತಾಯಿ. 2017ರ ಅಕ್ಟೋಬರ್‌ನಲ್ಲಿ ಬಂದ ಮಾತೃಪೂರ್ಣ ಯೋಜನೆ ಕಾಗದದ ಮೇಲೆ ಒಳ್ಳೆಯದೇ: ಗರ್ಭಿಣಿ, ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿ ಊಟ, ಮೊಟ್ಟೆ, ಹಾಲು ತಗೊಳ್ಳೋದು. ಆದರೆ ನಮ್ಮ ಕಡೆ ಹಸಿ ಬಾಣಂತಿ ಹೊಸ್ತಿಲು ದಾಟಲ್ಲ. ತಾಂಡಾ, ದೊಡ್ಡಿಗಳಿಂದ ಅಂಗನವಾಡಿ ದೂರ. ಕೂಲಿಗೆ ಹೋಗೋ ಬಸುರಿ ಹೊಲ ಬಿಟ್ಟು ಮಧ್ಯಾಹ್ನ ಊಟಕ್ಕೆ ಬರಬೇಕು ಅಂದರೆ ಅರ್ಧ ದಿನದ ಕೂಲಿ ಹೋಯಿತು. ಯೋಜನೆ ಮಾಡಿದವರು ಪೌಷ್ಟಿಕಾಂಶ ಲೆಕ್ಕ ಹಾಕಿದರು, ನಡೆಯೋ ದೂರ ಲೆಕ್ಕ ಹಾಕಲಿಲ್ಲ.

ಇದರ ಜೊತೆ ಗುಳೆ. ಸುಗ್ಗಿ ಮುಗಿದ ಮೇಲೆ ಸುರಪುರ, ಶಹಾಪುರ, ಹುಣಸಗಿ ಕಡೆಯ ಮನೆಮಂದಿ ಬೆಂಗಳೂರು, ಪುಣೆ, ಮುಂಬೈಗೆ ಕಟ್ಟಡ ಕೆಲಸಕ್ಕೆ ಹೋಗ್ತಾರೆ. ಶಾಲೆಗೆ ಹೋಗೋ ಮಕ್ಕಳು ಕೆಲವೊಮ್ಮೆ ಅಜ್ಜಿ ಹತ್ರ ಉಳೀತಾರೆ, ಹಾಲು ಕುಡಿಯೋ ಕೂಸು ತಾಯಿ ಜೊತೆಗೇ ಹೋಗುತ್ತೆ. ಪಡಿತರ ಚೀಟಿ ಈಗ ದೇಶದಲ್ಲಿ ಎಲ್ಲಿ ಬೇಕಾದರೂ ನಡೆಯುತ್ತೆ. ಆದರೆ ಶೆಡ್ಡಿನ ಪಕ್ಕ ಅಂಗನವಾಡಿ ಇರಬೇಕಲ್ಲ? ಅತಿ ಹೆಚ್ಚು ಊಟ ಬೇಕಾದ ತಿಂಗಳುಗಳಲ್ಲೇ ಈ ಕೂಸು ಎರಡೂ ಊರಿನ ಪಟ್ಟಿಯಿಂದ ಜಾರಿಬಿಡುತ್ತೆ.

ಮತ್ತೆ 8ನೇ ತರಗತಿಯ ಆ ಹುಡುಗಿಯರ ಕಡೆ ಬರ್ತೀನಿ. ಶಾಲೆಯ ಮೊಟ್ಟೆ ತಡವಾಯಿತು ಅಂದೆ, ಆದರೆ ಒಂದು ಲೆಕ್ಕದಲ್ಲಿ ಅದು ಮುಂದಿನ ತಲೆಮಾರಿಗೆ ಬೇಗನೇ ಬಂದಿದೆ. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿ 18 ತುಂಬೋದರೊಳಗೆ ಮದುವೆಯಾದವರು. ಇವತ್ತು ಬಿಸಿಯೂಟದ ಸಾಲಲ್ಲಿ ಕೂತ ಹುಡುಗಿ ಕೆಲವೇ ವರ್ಷದಲ್ಲಿ ತಾಯಿ. ಅವಳ ರಕ್ತ, ಅವಳ ತೂಕ ಹುಟ್ಟೋ ಕೂಸಿನ ತೂಕ. ಹತ್ತಿ ಬಿಡಿಸೋ ಕಾಲಕ್ಕೆ ಅವಳು ಶಾಲೆ ಬಿಟ್ಟು ಹೊಲಕ್ಕೆ ಹೋದರೆ ಪಾಠದ ಜೊತೆ ಆ ಮೊಟ್ಟೆಯೂ ತಪ್ಪುತ್ತೆ. ಹಾಜರಾತಿ ಕಡಿಮೆ ಅಂತ ಬರೆಯೋ ರಿಜಿಸ್ಟರಿನಲ್ಲಿ ಇದಕ್ಕೆ ಕಾಲಂ ಇಲ್ಲ.

ಹಣ ಎಲ್ಲಿದೆ ಅಂತ ಕೇಳ್ತೀರಿ. 371(ಜೆ) ಬಂದ ಮೇಲೆ ಹುಟ್ಟಿದ ಮಂಡಳಿಗೆ, ಅಂದರೆ ಇವತ್ತಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ, ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆ ಆಗ್ತಿದೆ. ಒಂದು ಅಂದಾಜು ಲೆಕ್ಕ ಹಾಕೋಣ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಜನ ಸುಮಾರು 11.7 ಲಕ್ಷ. ಈಗ ವರ್ಷಕ್ಕೆ ಹೆಚ್ಚೆಂದರೆ 30 ಸಾವಿರ ಹೆರಿಗೆ ಅಂತ ಇಟ್ಟುಕೊಂಡರೆ, ಆರು ತಿಂಗಳಿಂದ ಎರಡು ವರ್ಷದೊಳಗಿನ ಕೂಸುಗಳು ಯಾವುದೇ ಹೊತ್ತಿಗೆ 45 ಸಾವಿರ. ದಿನಕ್ಕೊಂದು ಮೊಟ್ಟೆ, 7 ರೂಪಾಯಿಯಂತೆ, ವರ್ಷಕ್ಕೆ ಸುಮಾರು 11.5 ಕೋಟಿ. ಮನೆಗೆ ಮುಟ್ಟಿಸೋ ಖರ್ಚು, ಬೇಸಿಗೆಯಲ್ಲಿ ಕೆಡೋದು ಎಲ್ಲ ಸೇರಿ ಇಮ್ಮಡಿ ಆಯಿತು ಅಂದುಕೊಳ್ಳಿ. ಆದರೂ 5,000 ಕೋಟಿಯಲ್ಲಿ ಅದು ಎಷ್ಟನೇ ಒಂದು ಭಾಗ ಅಂತ ನೀವೇ ಭಾಗಿಸಿ ನೋಡಿ. ಸಿಸಿ ರಸ್ತೆಗೆ, ಸಮುದಾಯ ಭವನಕ್ಕೆ ಕ್ರಿಯಾಯೋಜನೆ ಬರೆಯೋ ಶಾಸಕರಿಗೆ ಮೊಟ್ಟೆಗೆ ಶಂಕುಸ್ಥಾಪನೆ ಮಾಡೋಕೆ ಬರಲ್ಲ, ಅದೇ ತೊಂದರೆ.

ಈಟ್–ಲ್ಯಾನ್ಸೆಟ್ ಬಗ್ಗೆಯೂ ಒಂದು ಮಾತು. ಅದರ 2019ರ ಮೊದಲ ವರದಿಯ ಮಾದರಿ ಊಟದಲ್ಲಿ ಮೊಟ್ಟೆ ದಿನಕ್ಕೆ 13 ಗ್ರಾಂ, ಅಂದರೆ ವಾರಕ್ಕೆ ಎರಡಕ್ಕೂ ಕಡಿಮೆ. ಇದನ್ನು ಹಿಡಿದು 'ನೋಡಿ, ವಿಜ್ಞಾನವೇ ಬೇಡ ಅಂತಿದೆ' ಅನ್ನೋ ವಾಟ್ಸ್‌ಆ್ಯಪ್ ಪಂಡಿತರಿಗೆ ನಮ್ಮಲ್ಲಿ ಬರ ಇಲ್ಲ. ಬಡ ಪ್ರದೇಶಗಳ ಅಪೌಷ್ಟಿಕ ಮಕ್ಕಳಿಗೆ ಪ್ರಾಣಿಮೂಲದ ಆಹಾರ ಹೆಚ್ಚು ಬೇಕಾಗಬಹುದು ಅಂತ ಅದೇ ಆಯೋಗ ಹೇಳಿದೆ. ಭೂಮಿಯನ್ನು ಬಿಸಿ ಮಾಡಿದ್ದು ಕೊಡೇಕಲ್ ಕೂಸಿನ ಬಟ್ಟಲು ಅಲ್ಲ.

ಕೊನೆಗೆ ಮಾಹಿತಿ. ಪ್ರತಿ ಅಂಗನವಾಡಿ ಕಾರ್ಯಕರ್ತೆ ಪ್ರತಿ ತಿಂಗಳು ಪ್ರತಿ ಮಗುವಿನ ಎತ್ತರ, ತೂಕ ಅಳೆದು ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಕಬೇಕು. ನೆಟ್‌ವರ್ಕ್ ಇಲ್ಲದ ಕಡೆ ಗುಡ್ಡ ಹತ್ತಿಯಾದರೂ ಹಾಕಬೇಕು. ಅಂದರೆ ಹುಣಸಗಿ ತಾಲ್ಲೂಕಿನ ಎರಡು ವರ್ಷದೊಳಗಿನ ಕೂಸುಗಳ ಲೆಕ್ಕ ಸರ್ಕಾರದ ಹತ್ರ ಇದೆ. ಹೆಸರು ತೆಗೆದು, ಗ್ರಾಮ ಪಂಚಾಯಿತಿವಾರು ಅದನ್ನು ಹೊರಗಿಡಿ ಅಂತ ಕೇಳಬಹುದು, ಗುಳೆ ಹೋದ ಮಕ್ಕಳಲ್ಲಿ ಎಷ್ಟು ಮಂದಿಯ ಅಳತೆ ಎಷ್ಟು ತಿಂಗಳು ದಾಖಲಾಗಿಲ್ಲ ಅನ್ನೋದನ್ನೂ ಸೇರಿಸಿ. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಹಾಗಾಗಿ ಅಳತೆಗೆ ಒಂದು, ಗುಳೆ ಮಕ್ಕಳಿಗೆ ಇನ್ನೊಂದು, ಬೇರೆ ಬೇರೆ ಹಾಕಿ.